ಡಬ್ಬಿ ಅಸಲಿ, ಬ್ರೇಕ್ ನಕಲಿ

ನಮ್ಮ ಅಂಗಡಿ ಅಸಲಿ ಡಬ್ಬಿಯಲ್ಲಿ ನಕಲಿ ಬ್ರೇಕ್ ಶೂ ಮಾರಿತು. ಒಂದೆರಡಲ್ಲ, ಒಂದು ಹಂಗಾಮು ಪೂರ್ತಿ ಮಾರಿತು. ಮಾರಿದ ಕೈ ನನ್ನದು. ಆ ಬ್ರೇಕ್ ನಂಬಿ ಮುಂಜಾನೆ ಒಂಬತ್ತು ಶಾಲೆ ಮಕ್ಕಳು, ಸಂಜೆ ನಾನು, ಒಂದೇ ಟಂಟಂ ಆಟೋ ಹತ್ತುವವರಿದ್ದೆವು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನೀವು ನಗುತ್ತೀರಿ. ನಗಿರಿ, ನನ್ನ ಅಭ್ಯಂತರವಿಲ್ಲ. ಮರೆತು ಮಾತ್ರ ನಗಬೇಡಿ.

ನಾನು ಕಮಲಾಪುರದವಳು. ಕಲಬುರಗಿಯ ಜಗತ್ ಸರ್ಕಲ್ ಹತ್ತಿರ ಗಾಡಿಗಳ ಬಿಡಿಸಾಮಾನು ಮಾರುವ ಅಂಗಡಿಯೊಂದರ ಕೌಂಟರಿನ ಹಿಂದೆ ಹನ್ನೊಂದು ವರ್ಷದಿಂದ ನಿಂತಿದ್ದೇನೆ. ಏಳನೇ ಇಯತ್ತೆಗೆ ಶಾಲೆ ಬಿಡಿಸಿದರು. ಉಳಿದ ವಿದ್ಯೆಯನ್ನು ಡಬ್ಬಿಗಳ ಮೇಲಿನ ಅಕ್ಷರ ಓದಿ, ಗಾಡಿ ಮಿಸ್ತ್ರಿಗಳ ಬೈಗುಳ ಕೇಳಿ ಕಲಿತೆ. ಈ ಕೌಂಟರಿಗೆ ದಿನಕ್ಕೊಂದಾದರೂ ನಗುವ ಸಂಗತಿ ಬಂದೇ ಬರುತ್ತದೆ. ಬರದಿದ್ದರೆ ಅವತ್ತು ಅಂಗಡಿಗೆ ರಜೆ ಎಂದು ತಿಳಿಯಬೇಕು.

ಗಂಡಸರು ಅದಾರೇನ್ರಿ?

ನಾನು ಸೇರಿದ ಹೊಸತು. ಬಿಳಿ ಧೋತರ ಉಟ್ಟ ಹಿರಿಯರೊಬ್ಬರು ಟವೆಲಿನಲ್ಲಿ ಏನೋ ಸುತ್ತಿಕೊಂಡು ಬಂದರು. ನನ್ನನ್ನು ನೋಡಿದರು, ನನ್ನ ಹಿಂದೆ ನೋಡಿದರು, ಕಪಾಟಿನ ಸಂದಿಯಲ್ಲೂ ನೋಡಿದರು.

"ಅಕ್ಕೋರ, ಯಾರರ ಗಂಡಸರು ಅದಾರೇನ್ರಿ?"

"ಏನು ಬೇಕಾಗಿತ್ರಿ?"

"ಗಂಡಸರಿಗಿ ಹೇಳ್ತೀನ್ರಿ. ಇದು ಗಾಡಿ ಸಾಮಾನದ್ದು, ನಿಮಗ ತಿಳೀದಿಲ್ಲ."

ನನಗೆ ಸಿಟ್ಟು ಬೇಗ ಬರುತ್ತದೆ, ಹೋಗುವುದು ನಿಧಾನ. ಆದರೂ ಒಳಗೆ ಹೋಗಿ ಸಾಹುಕಾರರನ್ನು ಕರೆದೆ. ನಮ್ಮ ಸಾಹುಕಾರರು ಒಳ್ಳೆಯವರು, ಆದರೆ ಅವರ ಮನೆತನದ್ದು ಬಟ್ಟೆ ವ್ಯಾಪಾರ. ಈ ಅಂಗಡಿ ಮಾವನ ಮನೆ ಕಡೆಯಿಂದ ಬಂದದ್ದು. ಸೀರೆಯ ಸೆರಗು ಮುಟ್ಟಿ ಊರು ಹೇಳಬಲ್ಲರು, ನಟ್ಟು ಬೋಲ್ಟು ಎರಡೂ ಅವರಿಗೆ ಅಣ್ಣ ತಮ್ಮ.

ಹಿರಿಯರು ಟವೆಲ್ ಬಿಚ್ಚಿದರು. ಒಳಗೆ ಎಣ್ಣೆ ಮೆತ್ತಿದ ಸವೆದ ಕ್ಲಚ್ ಪ್ಲೇಟ್. ಸಾಹುಕಾರರು ಅದನ್ನು ತಿರುಗಿಸಿ ನೋಡಿದರು, ಬೆಳಕಿಗೆ ಹಿಡಿದರು, ಅಂಚು ತಿಕ್ಕಿ ನೇಯ್ಗೆ ಪರೀಕ್ಷಿಸಿದರು.

"ಇದು ಯಾವ ಗಾಡೀದು?"

"ನಂದೇರಿ."

ಸಾಹುಕಾರರು ಗಂಭೀರವಾಗಿ ತಲೆದೂಗಿ ಪ್ಲೇಟನ್ನು ನನ್ನ ಕೈಗಿಟ್ಟರು. "ಯವ್ವಾ, ಇದೇನದ ನೋಡು."

ನಾನು ಗಾಡಿ ಯಾವುದು, ಯಾವ ಅಳತೆ, ಯಾಕೆ ಸವೆದಿದೆ, ಎಲ್ಲಾ ಹೇಳಿ ಹೊಸದು ಕೊಟ್ಟೆ. ಹಿರಿಯರು ಮೆಟ್ಟಿಲಿಳಿದು, ಮತ್ತೆ ತಿರುಗಿ, ಸಾಹುಕಾರರಿಗೆ ಕೈಮುಗಿದರು.

"ಭಾಳ ತಿಳಿದವರದೀರಿ ಸಾವ್ಕಾರ್ರ. ಯಾರಿಗಿ ಕೇಳ್ಬೇಕಂತ ನಿಮಗ ಗೊತ್ತದ."

ಆಚಾರ್ಯರ ಚಿತ್ರ

ನಮ್ಮಲ್ಲಿ ಒಂದು ರೂಢಿಯಿದೆ. ಗಿರಾಕಿ ಕೆಟ್ಟುಹೋದ ಹಳೇ ಸಾಮಾನು ತಂದು ತೋರಿಸಬೇಕು, ನಾವು ಅದರ ಜೋಡಿ ಹುಡುಕಿ ಕೊಡಬೇಕು. ಬಾಯಿಂದ ಹೇಳಿದರೆ ನಂಬುವುದಿಲ್ಲ. ಒಬ್ಬ ರೈತ ಇದೇ ಮಾತಿಗೆ ಬಸ್ಸಿನಲ್ಲಿ ಇಡೀ ಗಾಲಿ ಹೊತ್ತು ತಂದು, ಕಂಡಕ್ಟರ್ ಅದಕ್ಕೂ ಟಿಕೆಟು ಹರಿದನೆಂದು ನನ್ನ ಮೇಲೆ ಜಗಳ ತೆಗೆದಿದ್ದ.

ಸ್ಕೂಟರ್ ಮೇಲೆ ಮನೆಮನೆಗೆ ಹೋಗಿ ಪೂಜೆ ಮಾಡಿಸುವ ಆಚಾರ್ಯರೊಬ್ಬರು ನಮ್ಮ ಗಿರಾಕಿ. ಮಡಿಯುಟ್ಟು ಹೊರಟವರು ಗ್ರೀಸ್ ಮುಟ್ಟುವುದು ಹೇಗೆ? ಅದಕ್ಕೆ ಬೇಕಾದ ಸಾಮಾನಿನ ಚಿತ್ರ ಬರೆದು ತಂದಿದ್ದರು. ಹಳೇ ಪಂಚಾಂಗದ ಹಿಂಬದಿ ಪುಟದಲ್ಲಿ ಬ್ರೇಕ್ ಹಿಡಿಕೆ, ಅದರ ತಿರುಪು, ಅದರ ನೆರಳು ಕೂಡ ಇತ್ತು.

"ಅಹಾ, ಏನ್ ಚಂದ ಬರ್ದೀರಿ ಆಚಾರ್ರ."

"ಎರಡ್ ತಾಸು ಕೂತು ಬರ್ದೀನಿ ತಾಯಿ. ಅಳತಿ ಸುದ್ದಾ ತಪ್ಪಿಲ್ಲ."

ಚಿತ್ರಕ್ಕೆ ಸರಿಯಾದ ಹಿಡಿಕೆ ಕೊಟ್ಟೆ. ಮಾರನೇ ದಿನ ವಾಪಸ್ ತಂದರು, ಕೂರುವುದಿಲ್ಲವಂತೆ. ಚಿತ್ರದ ಮೇಲಿಟ್ಟು ನೋಡಿದೆ, ಕೂದಲೆಳೆ ವ್ಯತ್ಯಾಸವಿಲ್ಲ. ಅನುಮಾನ ಬಂತು.

"ಆಚಾರ್ರ, ಇದು ನಿಮ್ಮ ಸ್ಕೂಟರ್ ನೋಡಿ ಬರ್ದೀರೇನು?"

"ಛೇ ಛೇ, ನಮ್ಮದು ಮುರದು ಎಲ್ಲೋ ಬಿದ್ದು ಹೋಗ್ಯದಲ್ಲ ತಾಯಿ! ಇಲ್ಲದ್ದು ಹೆಂಗ ಬರೀಲಿ? ಬಾಜೂ ಮನೀಯವರ ಗಾಡಿ ನೋಡಿ ಬರ್ದೀನಿ."

ರದ್ದಿಯವನ ಶಿಸ್ತು

ಇನ್ನೊಂದು ರೂಢಿಯೂ ಇದೆ, ಕೆಟ್ಟದ್ದು. ಗಿರಾಕಿ ಸಾಮಾನನ್ನು ಕಿಸೆಯಲ್ಲೋ ಟವೆಲಿನಲ್ಲೋ ಇಟ್ಟುಕೊಂಡು ಡಬ್ಬಿಯನ್ನು ಕೌಂಟರಿನ ಮೇಲೇ ಬಿಟ್ಟು ಹೋಗುತ್ತಾನೆ. "ಡಬ್ಬಿ ಒಯ್ದು ಏನ್ ಮಾಡ್ಲಿ, ಗಾಡಿಗಿ ಹಾಕ್ಲಾ?" ಸಂಜೆಯೊಳಗೆ ಕೌಂಟರಿನ ಕೆಳಗೆ ಬಣ್ಣಬಣ್ಣದ ರಟ್ಟಿನ ಡಬ್ಬಿಗಳ ಗುಡ್ಡ.

ಅದನ್ನು ಒಯ್ಯಲು ಒಬ್ಬ ರದ್ದಿಯವನು ಬರುತ್ತಿದ್ದ. ಅಂಥ ಶಿಸ್ತಿನ ಮನುಷ್ಯನನ್ನು ನಾನು ಕಂಡಿಲ್ಲ. ಒಂದೊಂದೇ ಡಬ್ಬಿ ಎತ್ತಿ, ಊದಿ, ಮೂಲೆ ಸವರಿ ಜೋಡಿಸುತ್ತಿದ್ದ. ಹರಿದದ್ದು ಕಂಡರೆ ಬೇರೆ ಎಸೆಯುತ್ತಿದ್ದ. "ಫಟೇಲಾ ನಕ್ಕೊ ಬಾಯಿ. ಹರದಿದ್ದು ಬ್ಯಾಡ."

ಹಳ್ಳಿಯವರು ಫೋನಿನಲ್ಲಿ ಸಾಮಾನು ಹೇಳಿಟ್ಟು ಸಂಜೆ ಬಂದು ಒಯ್ಯುತ್ತಾರೆ. ಯಾರದು ಯಾವುದೆಂದು ಮರೆಯಬಾರದೆಂದು ನಾನು ಡಬ್ಬಿ ಮೇಲೆ ಪೆನ್ನಿನಿಂದ ಬರೆದಿಡುತ್ತಿದ್ದೆ. ಅದನ್ನು ಕಂಡು ರದ್ದಿಯವನು ಒಂದು ದಿನ ನನಗೇ ಬೈದ.

"ಎಂಥಾ ಚಂದ ಡಬ್ಬಿ ಖರಾಬ್ ಮಾಡ್ತೀರಿ ಬಾಯಿ! ಬರೀಲಾಕ ಕಾಗದ ಇಲ್ಲೇನು ನಿಮ್ಮ ಅಂಗಡ್ಯಾಗ?"

ಅವನ ಶುಚಿತ್ವ ನೋಡಿ ನನಗೇ ನಾಚಿಕೆಯಾಯಿತು. ಅವತ್ತಿನಿಂದ ಡಬ್ಬಿಯ ಮುಚ್ಚಳದ ಒಳಗೆ, ಯಾರಿಗೂ ಕಾಣದಂತೆ ಬರೆಯತೊಡಗಿದೆ. ರದ್ದಿಯವನಿಂದ ಅಕ್ಷರಾಭ್ಯಾಸ ತಿದ್ದಿಸಿಕೊಂಡವಳು ಕಲಬುರಗಿಯಲ್ಲಿ ನಾನೊಬ್ಬಳೇ ಇರಬೇಕು.

ಕಣ್ಣು ಮುಚ್ಚಿ ಕೂಡ್ರಿ

ಮಹಾಗಾಂವದಲ್ಲಿ ಒಬ್ಬ ಟಂಟಂ ಚಾಲಕ. ಎಲ್ಲರೂ ಮಾವ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಮುಂಜಾನೆ ಶಾಲೆ ಮಕ್ಕಳನ್ನು ಒಯ್ಯುತ್ತಾನೆ. ಸಂಜೆ ಮಹಾಗಾಂವ ಕ್ರಾಸಿನಿಂದ ಕಮಲಾಪುರಕ್ಕೆ ನಮ್ಮಂಥವರನ್ನು ತುಂಬಿಕೊಳ್ಳುತ್ತಾನೆ.

ಒಂದು ದಿನ ಮಧ್ಯಾಹ್ನ ಮಾವ ಅಂಗಡಿಗೆ ಬಂದು ಹಿಂದಿನ ಗಾಲಿಯ ಬ್ರೇಕ್ ಶೂ ಕೇಳಿದ. ಹೊಸ ಸರಕು ಬಂದಿತ್ತು. ಸ್ಕೂಟರಿಗೆ ಚೀಲ ಕಟ್ಟಿಕೊಂಡು ಬರುವ ಒಬ್ಬ ಮಾರಾಟಗಾರ ಆ ಹಂಗಾಮಿನುದ್ದಕ್ಕೂ ಸಾಹುಕಾರರಿಗೆ ಅಗ್ಗಕ್ಕೆ ಕೊಟ್ಟು ಹೋಗುತ್ತಿದ್ದ. ಯಾಕೆ ಅಗ್ಗ ಎಂದು ಸಾಹುಕಾರರು ಕೇಳಲಿಲ್ಲ. ನಾನೂ ಕೇಳಲಿಲ್ಲ. ಅದು ನಮ್ಮಿಬ್ಬರ ತಪ್ಪು. ಮಾವ ಅವಸರದಲ್ಲಿದ್ದ. ಶೂ ತೆಗೆದು ಟವೆಲಿನಲ್ಲಿ ಸುತ್ತಿಕೊಂಡು, ಎಲ್ಲರಂತೆ ಡಬ್ಬಿ ಬಿಟ್ಟು ಓಡಿದ.

ಸಂಜೆ ಕ್ರಾಸಿನಲ್ಲಿ ಬಸ್ಸಿಳಿದು ಅವನ ಟಂಟಂ ಹತ್ತಿದೆ. ಒಳಗೆ ಇನ್ನೂ ಆರು ಜನ. ನನ್ನ ಪಕ್ಕದಲ್ಲಿ ಒಬ್ಬ ಅಜ್ಜಿ. ಕಲಬುರಗಿಯಲ್ಲಿ ಕೆಂಪು ಬಾಳೆಹಣ್ಣು ಮಾರಿ, ಉಳಿದ ಒಂದು ಚಿಪ್ಪು ಬುಟ್ಟಿಯಲ್ಲಿಟ್ಟುಕೊಂಡು ಮನೆಗೆ ಹೊರಟಿದ್ದಳು.

ಮಾವ ಎಲ್ಲರಿಗೂ ಕೇಳುವಂತೆ ಹೇಳಿದ. "ಇವತ್ತು ಹೊಸಾ ಬ್ರೇಕ್ ಹಾಕ್ಸೀನ್ರಿ. ಈ ಅಕ್ಕೋರೇ ಕೊಟ್ಟಾರ. ಕಣ್ಣು ಮುಚ್ಚಿ ಕೂಡ್ರಿ!"

ಇಳಿಜಾರಿನಲ್ಲಿ ಮಾವ ಬ್ರೇಕ್ ತುಳಿದ. ಗಾಡಿ ನಿಲ್ಲಲಿಲ್ಲ. ಮತ್ತೆ ತುಳಿದ. ಹಿಂದಿನ ಗಾಲಿಯಲ್ಲಿ ಕಡಕ್ ರೊಟ್ಟಿ ಮುರಿದಂಥ ಸದ್ದಾಯಿತು, ಅಷ್ಟೇ. ಆಗ ನಿಜಕ್ಕೂ ಎಲ್ಲರೂ ಕಣ್ಣು ಮುಚ್ಚಿಯೇ ಕುಳಿತಿದ್ದೆವು.

ಮಾವ ಜಾಣ. ಎದುರಿಗೆ ಲಾರಿ ಕಂಡದ್ದೇ ಗಾಡಿಯನ್ನು ರಸ್ತೆಯಿಂದ ಹೊಲಕ್ಕೆ ಇಳಿಸಿದ. ಹೊಲದಲ್ಲಿ ಜೋಳದ ಒಣ ದಂಟಿನ ಕಣಕಿ ಒಟ್ಟಿದ್ದ ದೊಡ್ಡ ಬಣವೆಯಿತ್ತು. ಟಂಟಂ ಸೀದಾ ಹೋಗಿ ಅದರ ಹೊಟ್ಟೆಯಲ್ಲಿ ಹೊಕ್ಕಿತು. ಧೂಳು, ಕತ್ತಲು, ಮೈತುಂಬ ಕಣಕಿ. ಯಾರಾದರೂ ಅಳಲಿ ಎಂದು ಎಲ್ಲರೂ ಕಾಯುತ್ತಿದ್ದೆವು.

ಕಣಕಿಯೊಳಗಿಂದ ಅಜ್ಜಿಯ ದನಿ ಬಂತು. "ತಮ್ಮಾ, ಕಮಲಾಪುರ ಬಂತೇನು?"

ಮಾವನ ಹೆಸರು

ಯಾರಿಗೂ ಏಟಾಗಲಿಲ್ಲ. ಮೈ ಜಾಡಿಸಿಕೊಂಡು ನಕ್ಕೆವು. ಅಜ್ಜಿ ಎಲ್ಲರಿಗೂ ಒಂದೊಂದು ಬಾಳೆಹಣ್ಣು ಕೊಟ್ಟಳು. ಮಾವ ಮಾತ್ರ ನಗಲಿಲ್ಲ. ಹಣ್ಣು ಕೈಯಲ್ಲೇ ಹಿಡಿದು ಹಿಂದಿನ ಗಾಲಿಯ ಹತ್ತಿರ ಕೂತಿದ್ದ.

"ಅಕ್ಕೋರ, ನಾಳಿ ಮುಂಜಾನಿ ಇದೇ ಗಾಡ್ಯಾಗ ಸಾಲಿ ಹುಡುಗ್ರನ್ನ ಕರ್ಕೊಂಡ್ ಹೋಗಾಂವ ಇದ್ದೆ."

ನನ್ನ ಕೈಯ ಹಣ್ಣನ್ನು ಅಜ್ಜಿಯ ಬುಟ್ಟಿಗೇ ವಾಪಸ್ ಇಟ್ಟೆ.

ಮರುದಿನ ಮಾವ ಬ್ರೇಕ್ ಶೂ ಬಿಚ್ಚಿಸಿ ಅಂಗಡಿಗೆ ತಂದ. ಅದರ ಮೇಲಿನ ಪದರು ಬೆರಳಿಂದ ಕಿತ್ತರೆ ಪುಡಿಪುಡಿಯಾಗಿ ಬರುತ್ತಿತ್ತು. ಡಬ್ಬಿ ನೋಡೋಣವೆಂದು ಕೌಂಟರಿನ ಕೆಳಗಿನ ಗುಡ್ಡದಲ್ಲಿ ಹುಡುಕಿ ತೆಗೆದೆ. ಹೊರಗೆಲ್ಲ ಅಸಲಿ. ಬಣ್ಣ ಅಸಲಿ, ಅಕ್ಷರ ಅಸಲಿ. ಮುಚ್ಚಳ ಪೂರ್ತಿ ಬಿಚ್ಚಿದೆ. ಒಳಗಡೆ ನನ್ನದೇ ಕೈಬರಹ: ‘ಮಹಾಗಾಂವ ಮಾವ, ಹಿಂದಿನ ಗಾಲಿ.’

ಹಿಂದಿನ ದಿನ ನಾನು ಏನೂ ಬರೆದಿರಲಿಲ್ಲ. ಅದು ಹಿಂದಿನ ವರ್ಷ ಮಾವ ಫೋನಿನಲ್ಲಿ ಹೇಳಿಟ್ಟು ಒಯ್ದಾಗ ಬರೆದದ್ದು. ಅಂದರೆ ಅವನು ಬಿಟ್ಟುಹೋದ ಡಬ್ಬಿ ರದ್ದಿಯವನ ಕೈಸೇರಿ, ಅಲ್ಲಿಂದ ಯಾವನೋ ಕಳ್ಳನ ಕೈಸೇರಿ, ಅವನು ಅದರಲ್ಲಿ ನಕಲಿ ಸಾಮಾನು ತುಂಬಿ, ಸ್ಕೂಟರಿನವನ ಚೀಲದಲ್ಲಿ ನಮಗೇ ಕಳಿಸಿದ್ದ. ನಮ್ಮ ಬಾಗಿಲಿಂದ ಬರಿ ಹೊಟ್ಟೆಯಲ್ಲಿ ಹೋದ ಡಬ್ಬಿ, ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮಗಳಂತೆ, ಹೊಟ್ಟೆ ತುಂಬಿಕೊಂಡು ನಮ್ಮ ಬಾಗಿಲಿಗೇ ಬಂದಿತ್ತು.

ಮಾವ ಡಬ್ಬಿ ಕಸಿದುಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿದ. ಅವನ ಮುಖ ಅರಳಿತು.

"ಅಕ್ಕೋರ! ಕಂಪನಿಯವರಿಗಿ ನನ್ನ ಹೆಸರು ಹೆಂಗ ಗೊತ್ತಾತ್ರೀ?"

ಸಾಹುಕಾರರ ಪಾದಯಾತ್ರೆ

ನಾನು ಡಬ್ಬಿಯನ್ನು ಸಾಹುಕಾರರ ಮುಂದೆ ಬಡಿದೆ. ಅವರು ಓದಿದರು, ಕನ್ನಡಕ ತೆಗೆದರು, ಒರೆಸಿದರು.

"ಏನ್ ಮಾಡೂಣವ್ವ, ಎಲ್ಲಾರೂ ಇದೇ ಮಾರ್ಲಾಕತ್ತಾರ. ನಾವೊಬ್ಬರು ಬಿಟ್ರ ಗಿರಾಕಿ ಬಾಜೂ ಅಂಗಡಿಗಿ ಹೋಗ್ತಾನ."

ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಈ ದೇಶದ ಎಲ್ಲ ಕಳ್ಳತನವೂ ‘ಎಲ್ಲಾರೂ’ ಎನ್ನುವ ಒಬ್ಬನ ಹೆಸರಿನಲ್ಲೇ ನಡೆಯುತ್ತದೆ. ಅವನನ್ನು ಯಾರೂ ಕಂಡಿಲ್ಲ, ಯಾವ ಠಾಣೆಯೂ ಹಿಡಿದಿಲ್ಲ.

"ಹಂಗಾದ್ರ ಒಂದು ಕೆಲಸ ಮಾಡ್ರಿ," ಎಂದೆ. "ಅದೇ ಸ್ಕೂಟರಿನವ ಕೊಟ್ಟ ಬ್ರೇಕ್ ಇವತ್ತು ನಿಮ್ಮ ಗಾಡಿಗಿ ಹಾಕಿಸ್ರಿ. ಹಾಕಿಸ್ಕೊಂಡು ಸೇಡಂ ರಸ್ತೆ ಮನೀತನಕ ಹೋಗ್ರಿ. ಮುಟ್ಟಿದ್ರ ನಾಳಿಯಿಂದ ನಾ ಬಾಯಿ ಬಿಡಂಗಿಲ್ಲ."

ಸಾಹುಕಾರರು ಗಾಡಿಯ ಕೀಲಿಯನ್ನು ಮೆಲ್ಲಗೆ ಗಲ್ಲಾಪೆಟ್ಟಿಗೆಯೊಳಗಿಟ್ಟರು. "ಇವತ್ತು ನಾ ಆಟೋದಾಗ ಹೋಗ್ತೀನಿ," ಎಂದು ಎದ್ದರು.

ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಆಟೋ ಹತ್ತಿ ಕುಳಿತರು. ಏನೋ ನೆನಪಾದಂತೆ ಮುಂದೆ ಬಗ್ಗಿದರು.

"ತಮ್ಮಾ, ನಿನ್ನ ಬ್ರೇಕ್ ಬರೋಬ್ಬರಿ ಅವಲ್ಲ?"

"ಚಿಂತಿ ಬ್ಯಾಡ್ರಿ ಸಾವ್ಕಾರ್ರ! ಹ್ವಾದ ವಾರ ನಿಮ್ಮ ಅಂಗಡ್ಯಾಗೇ ತೊಗೊಂಡೀನಿ."

ಸಾಹುಕಾರರು ಇಳಿದರು. ಎರಡನೇ ಆಟೋ ನಿಲ್ಲಿಸಿದರು. ಅವನು ಅವರು ಕೇಳುವ ಮೊದಲೇ ನಮಸ್ಕಾರ ಮಾಡಿ, "ನಿಮ್ಮ ಗಿರಾಕೀನೇ ರೀ ನಾ," ಎಂದ. ಮೂರನೇ ಆಟೋಗೆ ಕೈಯೆತ್ತಿದವರು ಆ ಕೈಯಿಂದಲೇ ತಲೆ ಕೆರೆದುಕೊಂಡರು. ಆಮೇಲೆ ಧೋತರದ ಚುಂಗು ಎತ್ತಿ ಹಿಡಿದು ಸೇಡಂ ರಸ್ತೆಯ ಕಡೆ ನಡೆಯತೊಡಗಿದರು.

ಮರುದಿನ ಕುಂಟುತ್ತ ಬಂದರು. ಚಹಾ ಕೂಡ ಕೇಳಲಿಲ್ಲ. "ಆ ಮಾಲೆಲ್ಲಾ ಕೆಳಗಿಳಸ್ರಿ. ಯಾರ್‍ಯಾರಿಗಿ ಕೊಟ್ಟೀವಿ ಎಲ್ಲಾರಿಗೂ ಫೋನ್ ಮಾಡ್ರಿ. ಬದಲಿ ಕೊಡೂಣು."

ಎರಡು ವಾರ ಗಾಡಿಗಳು ಬಂದವು. ಅಸಲಿ ಬ್ರೇಕ್ ಹಾಕಿಸಿ ಕಳಿಸಿದೆವು. ಎಲ್ಲರಿಗಿಂತ ಮೊದಲು ಮಾವನದು. ನಮ್ಮ ಬೀದಿಯ ಮಿಸ್ತ್ರಿಗಳು ಸುತ್ತಿಗೆ ತಂದು ನಕಲಿ ಶೂಗಳನ್ನೆಲ್ಲ ರಸ್ತೆಯಲ್ಲೇ ಜಜ್ಜಿದರು. ಸ್ಕೂಟರಿನ ಮಾರಾಟಗಾರ ಅದೇ ಹೊತ್ತಿಗೆ ಹೊಸ ಚೀಲದೊಂದಿಗೆ ಬಂದ. ಸುತ್ತಿಗೆಗಳನ್ನು ನೋಡಿದ. ಅವನ ಬ್ರೇಕ್ ಅಸಲಿ ಇರಬೇಕು, ಅಷ್ಟು ವೇಗದಲ್ಲಿದ್ದವನು ಇದ್ದಲ್ಲೇ ನಿಂತು, ಇದ್ದಲ್ಲೇ ತಿರುಗಿ ಹೋದ.

ಹರಿಯುವ ಪಾಠ

ಈಗ ನಮ್ಮ ಕೌಂಟರಿನ ಮೇಲೆ ನಾನೇ ಬರೆದ ಹಲಗೆಯಿದೆ: ‘ಸಾಮಾನು ಒಯ್ಯಿರಿ, ಡಬ್ಬಿ ಹರಿಯಿರಿ.’ ಡಬ್ಬಿ ಇಡಿಯಾಗಿ ಉಳಿದರೆ ತಾನೆ ಕಳ್ಳ ತುಂಬುವುದು?

ಮೊದಮೊದಲು ಜನಕ್ಕೆ ಕೈ ಬರಲಿಲ್ಲ. "ಇಷ್ಟು ಚಂದ ಡಬ್ಬಿ ಹೆಂಗ ಹರೀಲ್ರಿ?" ಸಾಮಾನು ಒಯ್ದು ಡಬ್ಬಿ ಬಿಸಾಕುತ್ತಿದ್ದವರಿಗೇ ಈಗ ಡಬ್ಬಿಯ ಮೇಲೆ ಮಮತೆ ಉಕ್ಕಿತು. ಆಚಾರ್ಯರು ಡಬ್ಬಿಯನ್ನು ನನ್ನ ಕಡೆ ಸರಿಸಿ, "ನೀನೇ ಹರಿ ತಾಯಿ. ಪಾಪ ನಿನಗಿರ್ಲಿ, ಪುಣ್ಯ ಇಬ್ಬರಿಗೂ ಬರ್ಲಿ," ಎಂದರು. ಆದರೂ ಹರಿದೆವು. ಒಬ್ಬರನ್ನು ನೋಡಿ ಒಬ್ಬರು ಹರಿದರು. ರದ್ದಿಯವನು ಬಂದು ಕೌಂಟರಿನ ಕೆಳಗೆ ಇಣುಕಿ, "ಇದೇನು ಬಾಯಿ, ಚುರುಮುರಿ ಮಾಡಿ ಇಟ್ಟೀರಿ!" ಎಂದು ಹಣೆ ಬಡಿದುಕೊಂಡ. ಆ ಚೂರುಗಳನ್ನು ಈಗ ಬಾಳೆಹಣ್ಣಿನ ಅಜ್ಜಿ ಒಯ್ಯುತ್ತಾಳೆ, ಬುಟ್ಟಿಯ ತಳಕ್ಕೆ ಹಾಸಲು. ಹಣ್ಣು ಕಂದುವುದಿಲ್ಲವಂತೆ.

ಮಾವನಂತೂ ನಮ್ಮ ಪ್ರಚಾರಕನೇ ಆಗಿಬಿಟ್ಟ. ಮೊನ್ನೆ ಅಂಗಡಿ ತುಂಬ ಜನ. ಮಾವ ಹೆಡ್‌ಲೈಟಿನ ಬಲ್ಬು ಕೇಳಿದ. ಡಬ್ಬಿ ಕೊಟ್ಟೆ. ಅದನ್ನು ಎತ್ತಿ ಹಿಡಿದು ಜನರ ಕಡೆ ತಿರುಗಿದ.

"ನೋಡ್ರಿ, ಹಿಂಥಾದ್ದೇ ಒಂದು ಡಬ್ಬಿ ನಂಬಿ ನಾ ಬಣವಿಯೊಳಗ ಹೊಕ್ಕೀನಿ! ಹುಡುಗ್ರು ಇದ್ದಿದ್ರ ಏನ್ ಗತಿ? ನೀವೆಲ್ಲಾ ಡಬ್ಬಿ ಬಿಟ್ಟು ಹೋಗ್ತೀರಿ, ನಾಚಿಕಿ ಆಗ್ಬೇಕು ನಿಮಗ! ಡಬ್ಬಿಗಿ ಏನ್ ಮಾಡ್ಬೇಕು? ಹಿಂಗ ಮಾಡ್ಬೇಕು!"

ಡಬ್ಬಿಯನ್ನು ನೆಲಕ್ಕಿಟ್ಟು, ಟೈರಿನ ಚಪ್ಪಲಿಯಿಂದ ಎರಡು ಸಲ ತುಳಿದ. ಕರಕ್ ಎಂದಿತು.

ಮಾವ ಕಾಲನ್ನು ಮೆಲ್ಲಗೆ ಎತ್ತಿದ. ಡಬ್ಬಿಯ ಮೂಲೆಯಿಂದ ಗಾಜಿನ ಪುಡಿ ಸುರಿಯಿತು.

"ಅಕ್ಕೋರ... ಇದರೊಳಗ ಬಲ್ಬ್ ಇತ್ತೇನು?"

"ಇತ್ತು ಮಾವ."

"ಅಸಲೀದು?"

"ಅಸಲೀದು."

ಮಾವ ಒಂದು ಗಳಿಗೆ ಡಬ್ಬಿ ನೋಡಿದ, ಒಂದು ಗಳಿಗೆ ಜನರನ್ನು ನೋಡಿದ. ಆಮೇಲೆ ಎದೆ ಸೆಟೆಸಿ, ದನಿ ಎತ್ತರಿಸಿ ಹೇಳಿದ:

"ನೋಡಿದ್ರಲ್ಲ? ಹಿಂಗ ಮಾಡಬಾರ್ದಂತ ತೋರಿಸ್ದೆ!"

ನಮ್ಮದೊಂದು ಅಂಗಡಿ ಸರಿಯಾಯಿತು. ಒಂಬತ್ತು ಮಕ್ಕಳು ಇವತ್ತೂ ಮಾವನ ಟಂಟಂನಲ್ಲಿ ಕಿರುಚಾಡುತ್ತ ಶಾಲೆಗೆ ಹೋದರು, ಇಳಿಜಾರಿನಲ್ಲಿ ಗಾಡಿ ನಿಂತಿತು. ಆದರೆ ಆ ಕಳ್ಳ ಇನ್ನೂ ಡಬ್ಬಿ ಹುಡುಕುತ್ತಿದ್ದಾನೆ. ಅವನಿಗೆ ಕೊಡುತ್ತಿರುವವರು ನೀವು. ಇನ್ನು ಮೇಲೆ ಕೊಡಬೇಡಿ. ಮುಂದಿನ ಸಲ ಗಾಡಿಗೆ ಏನೇ ಕೊಂಡರೂ ಸಾಮಾನು ಮೊದಲು ಹೊರಗೆ ತೆಗೆಯಿರಿ, ಮಾವನಂತೆ ಮರೆಯಬೇಡಿ. ಆಮೇಲೆ ಅಂಗಡಿಯವನ ಕಣ್ಣೆದುರಿಗೇ ಡಬ್ಬಿಯನ್ನು ನಾಲ್ಕು ತುಂಡಾಗಿ ಹರಿಯಿರಿ. ಅವನು ಮುಖ ಗಂಟಿಕ್ಕಿದರೆ ಎಂಟು ತುಂಡು ಮಾಡಿ, ಅವನ ಕೈಯಲ್ಲೇ ಇಟ್ಟು ಬನ್ನಿ.